ನೋಯ್ ಅಮ್ಮನ ದೋಣಿ

ಬಾಯಿ ಮುಚ್ಕೊಂಡಿರೋಕೆ ನನಗೆ ಬರಲ್ಲ, ನಿಮಗದು ಗೊತ್ತು. ಆದ್ರೆ ಈ ಸಲ ನಾನು ಬಾಯೇ ತೆಗೀಲಿಲ್ಲ. ಬರೀ ಒಂದು ಫೋಟೋ ಹಾಕಿದೆ. ಅಷ್ಟಕ್ಕೇ ಥಾಯ್ಲೆಂಡಲ್ಲಿ ತಾಯಿ-ಮಗಳ ಮಧ್ಯೆ ಜಗಳ ಹತ್ತಿಸಿ ಬಂದಿದೀನಿ.

ನೋಯ್ ನಮ್ಮ ಪಕ್ಕದ ಮನೆಯವಳು. ಸ್ಯಾನ್ ಡಿಯಾಗೋ, ಯೂನಿವರ್ಸಿಟಿ ಸಿಟಿ, ಸೆಕೆಂಡ್ ಫ್ಲೋರ್. ಥಾಯ್ ಹುಡುಗಿ. (ಹುಡುಗಿ ಅಂದ್ರೆ ನನ್ನ ವಯಸ್ಸೇ, ನಲವತ್ತೆಂಟು.) ಬೆಂಗಳೂರಿಗೆ ಹೋಗ್ತಾ ಬ್ಯಾಂಕಾಕಲ್ಲಿ ಮೂರು ದಿನ ಇರ್ತೀವಿ ಅಂದಿದ್ದೇ ತಡ, ಒಂದು ಪ್ಯಾಕೆಟ್ ಹಿಡ್ಕೊಂಡು ಬಂದಳು. ಅವಳಮ್ಮನಿಗೆ ಮಂಡಿಗೆ ಹಾಕ್ಕೊಳ್ಳೋ ನೀ-ಕ್ಯಾಪ್. ಬೇರೆಯವರ ಸೂಟ್‌ಕೇಸಲ್ಲಿ ಜಾಗ ಕೇಳೋದು ನಮ್ಮೋರು ಮಾತ್ರ ಅಂದ್ಕೊಂಡಿದ್ದೆ!

"ಅಮ್ಮ ಕಾಲುವೆ ಮಾರ್ಕೆಟಲ್ಲಿ ದೋಣಿ ಮೇಲೆ ಬಾಳೆಹಣ್ಣು ಕರಿದು ಮಾರ್ತಿದ್ಲು. ಮಂಡಿ ನೋವು ಅಂತ ನಾನೇ ಬಿಡಿಸ್ದೆ. ಈಗ ಮನೇಲಿ ರೆಸ್ಟು. ಮುಂದಿನ ವಾರ ನನ್ನ ತಮ್ಮ ಆ ದೋಣೀನೂ ಮಾರ್ಬಿಡ್ತಾನೆ," ಅಂದಳು.

ಅವಳಮ್ಮನ ಮನೆ ಆ ಮಾರ್ಕೆಟ್ ಪಕ್ಕದಲ್ಲೇ. ಹಾಗಾಗಿ ನಾನು, ನನ್ನ ಗಂಡ ಮೊದಲು ಮಾರ್ಕೆಟ್ ನೋಡೋಣ ಅಂತ ಬೆಳಗ್ಗೆ ಎಂಟಕ್ಕೇ ಒಂದು ದೋಣಿ ಹತ್ತಿದ್ವಿ.

ಎಲ್.ಎ. ಫ್ರೀವೇ ನೋಡಿದೋರಿಗೆ ಆ ಕಾಲುವೆ ಹೊಸದೇನಲ್ಲ. ದೋಣಿಗೆ ದೋಣಿ ಅಂಟ್ಕೊಂಡಿರುತ್ತೆ. ಆದ್ರೆ ಯಾರೂ ಬೈಯಲ್ಲ, ಪಕ್ಕದ ದೋಣೀನ ಕೈಯಲ್ಲಿ ತಳ್ಳಿ ಮುಂದೆ ಹೋಗ್ತಾರೆ. ಅಂಗಡಿಯೋರ ಹತ್ರ ಉದ್ದ ಕೊಕ್ಕೆ ಕೋಲು. ನೀವು ಒಂದು ಟೋಪಿ ಕಡೆ ಕಣ್ಣು ಹಾಯಿಸಿದ್ರೆ ಸಾಕು, ನಿಮ್ಮ ದೋಣೀನೇ ಎಳ್ಕೊಳ್ತಾರೆ. ಬೇಡ ಅಂತ ಎದ್ದು ಹೋಗೋದಾದ್ರೂ ಎಲ್ಲಿಗೆ?

ಒಂದು ದೋಣೀಲಿ ಹುಲ್ಲಿನ ಟೋಪಿ ಹಾಕಿದ ಅಜ್ಜಿ. ಮುಂದೆ ಒಲೆ, ಬಾಣಲೆ ತುಂಬ ಕಾದ ಎಣ್ಣೆ. ದೋಣಿ ಅಲ್ಲಾಡುತ್ತೆ, ಎಣ್ಣೆ ಅಲ್ಲಾಡಲ್ಲ! (ನಮ್ಮನೆ ಕಟ್ಟೆ ಮೇಲಿನ ಸ್ಟೋವಲ್ಲೇ ನಾನು ಚೆಲ್ತೀನಿ.) ಕ್ಲಿಕ್. ಪೋಸ್ಟ್.

ಎರಡೇ ನಿಮಿಷ. ನೋಯ್ ಫೋನು. ಅಲ್ಲಿ ಸಂಜೆ.

"ಅದು ನಮ್ಮಮ್ಮ!"

ಮಂಡಿ ನೋವಿನ ಅಜ್ಜೀನ ನಾನು ಮಂಚದ ಮೇಲೆ ನೋಡೋಕೆ ಹೊರಟಿದ್ದು. ಟೋಪಿ ಕೆಳಗೆ ಹೇಗೆ ಗುರುತು ಸಿಗಬೇಕು?

"ನಿನ್ನ ಕೈಗೆ ಫೋನ್ ಕೊಡೋದೂ ಒಂದೇ, ಡಂಗೂರ ಸಾರೋದೂ ಒಂದೇ," ಅಂದ್ರು ನನ್ನ ಗಂಡ.

ಸ್ಪೀಕರ್ ಹಾಕಿ ಅಜ್ಜಿ ಕೈಗೆ ಕೊಟ್ಟೆ. ಒಂದು ಕೈಲಿ ಫೋನು, ಇನ್ನೊಂದು ಕೈಲಿ ಜಾಲರಿ ಸೌಟು. ಎರಡೂ ಕಡೆಯಿಂದ ಜೋರು ಥಾಯ್. ನಮ್ಮ ದೋಣಿಯವನಿಗೆ ನಗು ತಡೆಯೋಕಾಗ್ತಿಲ್ಲ.

"ಏನಂತೆ?" ಅಂತ ಅವನನ್ನೇ ಕೇಳಿದೆ, ಅವನಿಗೆ ಇಂಗ್ಲಿಷ್ ಬರ್ತಿತ್ತು.

"ಸುಳ್ಳು ಯಾಕೆ ಹೇಳ್ದೆ ಅಂತಾಳೆ ಮಗಳು. ಅಮ್ಮ ಹೇಳ್ತಿದಾಳೆ, ನಮ್ಮದು ಕಂಬದ ಮೇಲಿನ ಮನೆ. ಹನ್ನೆರಡು ಮೆಟ್ಲು. ಬಚ್ಚಲಿಗೆ ಇಳಿ, ಮತ್ತೆ ಮೇಲೆ ಹತ್ತು. ಒಲೆಗೆ ಇಳಿ, ಮತ್ತೆ ಮೇಲೆ ಹತ್ತು. ರೆಸ್ಟ್ ಶುರುವಾದ್ಮೇಲೇ ಮಂಡಿ ಊದಿದ್ದು. ಇಲ್ಲಿ ಒಂದ್ಸಲ ಇಳಿದು ಕೂತ್ರೆ ಮಧ್ಯಾಹ್ನದವರೆಗೂ ಕಾಲಿಗೆ ಕೆಲಸಾನೇ ಇಲ್ಲ. ಹುಟ್ಟು ಹಾಕೋದು ಕೈ ತಾನೇ?"

ಆಮೇಲೆ ಸಣ್ಣ ದನೀಲಿ ನೋಯ್ ನನಗೆ ಇಂಗ್ಲಿಷಲ್ಲಿ ಹೇಳಿದಳು, "ವೀಡಿಯೋ ಆನ್ ಮಾಡು. ಮುಖ ಬೇಡ, ಕಾಲು ತೋರ್ಸು."

ಫೋನ್ ವಾಪಸ್ ತಗೊಂಡು ತೋರಿಸ್ದೆ. ಅಜ್ಜಿ ಒಂದು ದಿಂಬಿನ ಮೇಲೆ ಎರಡೂ ಕಾಲು ಚಾಚಿ ಮಹಾರಾಣಿ ಥರ ಕೂತಿದ್ರು. ಗಿರಾಕಿ ಕಾಯ್ತಿದಾರೆ ಅಂತ ನನ್ನ ಕಡೆ ಒಂದು ಬಿಸಿ ಬಾಳೆಹಣ್ಣು ಚಾಚಿ, ಜಾಗ ಬಿಡು ಅಂತ ಸನ್ನೆ ಮಾಡಿದ್ರು.

"ತಮ್ಮನಿಗೆ ಈಗ್ಲೇ ಫೋನ್ ಮಾಡ್ತೀನಿ," ಅಂದಳು ನೋಯ್. "ದೋಣಿ ಇರ್ಲಿ. ಬಚ್ಚಲು, ಒಲೆ ಎರಡನ್ನೂ ಮೇಲೆ ಮಾಡಿಸ್ಲಿ."

ಇಷ್ಟು ವರ್ಷ ಊರಲ್ಲಿರೋ ಹಿರಿಯರಿಗೆ ಫೋನ್ ಮಾಡಿದಾಗೆಲ್ಲ ನಾನೂ "ರೆಸ್ಟ್ ತಗೊಳ್ಳಿ, ರೆಸ್ಟ್ ತಗೊಳ್ಳಿ" ಅಂತ ಹೇಳಿದ್ದೇ ಹೇಳಿದ್ದು. ನೀವೂ ಅಷ್ಟೇ, ಸುಳ್ಳು ಹೇಳ್ಬೇಡಿ.

ಏನು ಮಾಡಿದಾಗ ನೋಯುತ್ತೆ ಅಂತ ಒಂದ್ಸಲನಾದ್ರೂ ಕೇಳಿದೀವಾ?