ಗಡಹಿಂಗ್ಲಜದಲ್ಲಿ ತಿಳಿದ ಕೆಂಪು

ಗಡಿಯಾಚೆಯ ಗಡಹಿಂಗ್ಲಜಕ್ಕೆ ಕೆಲಸಕ್ಕೆ ಬಂದ ಮೊದಲ ವಾರ ಸೋಯಾಬೀನ್ ಬೇರಿನ ಒಂದು ಗಂಟು ಕೊಯ್ದೆ. ಒಳಗೆ ರಕ್ತದ ಬಣ್ಣವಿತ್ತು. ಬ್ಲೇಡು ಕೆಳಗಿಟ್ಟು ನನ್ನ ಬೆರಳು ನೋಡಿಕೊಂಡೆ. ಬೆರಳಿಗೆ ಏನೂ ಆಗಿರಲಿಲ್ಲ.

"ರಕ್ತ ಅಲ್ರಿ ಅದು," ಎಂದು ನಮ್ಮ ಲ್ಯಾಬು ನಡೆಸುವ ಸುನಂದಾ ಮೇಡಂ ನಕ್ಕರು. ಅವರು ಕಾಗಲದ ಕಡೆಯವರು. ಕಲಿತದ್ದು ಮರಾಠಿಯಲ್ಲಿ, ಮನೆಯ ಮಾತು ಕನ್ನಡ. "ಆದ್ರ ಭಾಳ ದೂರಿಂದೂ ಅಲ್ಲ. ನಮ್ಮ ರಕ್ತದಾಗ ಒಂದ ಪ್ರೋಟೀನ ಐತೆಲ್ಲ, ಅದಕ್ಕೂ ಇದಕ್ಕೂ ಅಣ್ಣತಮ್ಮಕಿ."

ಈ ಲ್ಯಾಬಿನಲ್ಲಿ ನಾವು ತಯಾರಿಸುವುದು 'ಜಿವಾಣೂ ಖತ', ಅಂದರೆ ಬಿತ್ತುವ ಮುಂಚೆ ಬೀಜಕ್ಕೆ ಹಚ್ಚುವ ಜೀವಾಣು ಗೊಬ್ಬರ. ಬೇರು ತೊಳೆದು, ಗಂಟು ಕೊಯ್ದು, ಕೆಂಪಗಿರುವುದನ್ನು ಬೇರೆ ಇಡುವುದು ನನ್ನ ಕೆಲಸ. ಆಮೇಲೆ ಬಾಟಲಿ ತೊಳೆಯುವುದು. ರಾಯಬಾಗದ ಹತ್ತಿರದ ನಮ್ಮ ಊರಲ್ಲಿ ಶೇಂಗಾ ಕೀಳುವಾಗ ಇಂಥ ಗಂಟು ಕಂಡರೆ ಬೇರಿಗೆ ರೋಗ ಬಿದ್ದಿದೆ ಎನ್ನುತ್ತಿದ್ದೆವು.

ಮೇಡಂ ಕೆಲಸ ಮಾಡುತ್ತಲೇ ಹೇಳಿಕೊಡುತ್ತಿದ್ದರು. ಬೇರು ಮಣ್ಣಿಗೆ ಒಂದು ರಸ ಬಿಡುತ್ತದಂತೆ. ಜೀವಾಣುವಿನ ಒಳಗೆ ಆ ರಸವನ್ನು ಹಿಡಿಯುವ ಪ್ರೋಟೀನು ಇದೆ. ಹಿಡಿದ ಮೇಲೆ ಜೀವಾಣು ತನ್ನದೊಂದು ರಸ ಕಳಿಸುತ್ತದೆ. ಅದನ್ನು ಹಿಡಿಯುವ ಪ್ರೋಟೀನು ಬೇರಿನ ಮೈಮೇಲಿದೆ. ಎರಡೂ ಕಡೆ ಹೊಂದಿದರೆ ಮಾತ್ರ ಬೇರು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸೋಯಾಬೀನಿನ ಜೀವಾಣುವನ್ನು ಕಡಲೆ ಗಿಡ ಸೇರಿಸುವುದಿಲ್ಲ. ಒಳಗೆ ಹೋದದ್ದಕ್ಕೆ ಉಸಿರು ಬೇಕು, ಆದರೆ ಆಮ್ಲಜನಕ ಹೆಚ್ಚಾದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುವ ಅದರ ಕೆಲಸ ಕೆಡುತ್ತದೆ. ಅದಕ್ಕೇ ಆ ಕೆಂಪು ಪ್ರೋಟೀನು ಆಮ್ಲಜನಕವನ್ನು ಹಿಡಿದುಕೊಂಡು ಬೇಕಾದಷ್ಟೇ ಬಿಡುತ್ತದೆ.

ಕೇಳುತ್ತ ನನಗೆ ಖೋಲಿ ಹುಡುಕಿದ್ದು ನೆನಪಾಯಿತು. ಖೋಲಿ ಎಂದರೆ ಇಲ್ಲಿ ಬಾಡಿಗೆಯ ಒಂದು ಕೋಣೆ. ಗಂಡ ಸತ್ತವಳು, ಒಬ್ಬಳೇ ಇರುತ್ತಾಳೆ ಎಂದರೆ ಬಾಗಿಲಲ್ಲೇ ಮಾತು ಮುಗಿಯುತ್ತಿತ್ತು. ಕೊನೆಗೆ ವಯಸ್ಸಾದ ಮಾವಶಿ, ಅಂದರೆ ಚಿಕ್ಕಮ್ಮ ಎಂದು ಎಲ್ಲರೂ ಕರೆಯುವ ಒಬ್ಬರು, ಕೊಟ್ಟರು. ದಿನಾ ಸಂಜೆ "ಜೇವಣ ಝಾಲಂ ಕಾ?", ಅಂದರೆ ಊಟ ಆಯಿತೇ, ಎಂದು ಕೇಳುತ್ತಾರೆ. ಆಗದಿದ್ದರೂ ಆಯಿತು ಎನ್ನುತ್ತೇನೆ. ಕೊಲ್ಹಾಪುರಕ್ಕೆ ಬಾಟಲಿ ತರಲು ಹೋದರೆ ನನ್ನ ಮರಾಠಿಗೆ ನಗುತ್ತಾರೆ. ಇಲ್ಲಿ ಪೇಟೆಯಲ್ಲಿ ಕಾಯಿಪಲ್ಲೆ ಮಾರುವವಳು ನನ್ನ ಮುಖ ನೋಡಿಯೇ ಕನ್ನಡಕ್ಕೆ ತಿರುಗುತ್ತಾಳೆ. ಅಷ್ಟೇ ಸುಖ.

ನಮ್ಮ ಮನೆಯವರು ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದರು. ಅವರು ತೀರಿಕೊಂಡ ಮಳೆಗಾಲ ನಾನು ಕಳೆ ತೆಗೆಯಲು ಊರಿಗೆ ಹೋಗಿದ್ದೆ. ಬಟ್ಟೆ ಒಣಗಲಿಲ್ಲವೆಂದು ಅವರು ಶೆಗಡಿ, ಅಂದರೆ ಇದ್ದಿಲ ಒಲೆ, ಒಳಗಿಟ್ಟುಕೊಂಡು ಬಾಗಿಲು ಕಿಟಕಿ ಮುಚ್ಚಿ ಮಲಗಿದರು. ಬೆಳಿಗ್ಗೆ ಪಕ್ಕದವರು ಬಾಗಿಲು ಮುರಿದರು. ಓಣಿಯ ಡಾಕ್ಟರು ನಾಡಿ ನೋಡಿ ಮುಗಿಯಿತು ಎಂದರಂತೆ. ಪೋಲೀಸರ ರಗಳೆ ಬೇಡವೆಂದು ನೆಂಟರು ಟೆಂಪೋದಲ್ಲಿ ಊರಿಗೆ ತಂದರು. ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಸಂಜೆಯೊಳಗೆ ಮಣ್ಣು ಮಾಡಿದರು. ವಿಭೂತಿಯ ಕೆಳಗೆ ಕೆನ್ನೆ ಕೆಂಪಗಿತ್ತು. ನಿದ್ದೆ ಮಾಡುವವರ ಹಾಗೆ.

ಅತ್ತೆ ಅದನ್ನು ಕಂಡರು. "ಜೀವ ಇತ್ತು. ಗಡಿಬಿಡಿ ಮಾಡಿ ಮುಚ್ಚಿದ್ರಿ." ಪ್ರತಿ ಸಂಜೆ ಅದೇ ಮಾತು. ಬೇರೆ ಮಾತಿಲ್ಲ. ಇಲ್ಲವೆನ್ನಲು ನನಗೂ ಧೈರ್ಯವಿರಲಿಲ್ಲ, ನಾನೂ ಆ ಕೆನ್ನೆ ನೋಡಿದ್ದೆ. ಇಚಲಕರಂಜಿಗೆ ಹೋಗಲಾರೆ, ಊರಲ್ಲಿ ಇರಲಾರೆ. ಹಾಗೆ ಇಲ್ಲಿಗೆ ಬಂದೆ.

ಈ ಸಲದ ಮಳೆಯಲ್ಲಿ ವಾಚಮನ್ ಕಾಕಾ ಶೆಗಡಿಯನ್ನು ನಮ್ಮ ಶೆಡ್ಡಿನೊಳಗೆ ತಂದಿಟ್ಟು ಬಾಗಿಲು ಹಾಕಿದರು. ಮೇಡಂ ಓಡಿ ಬಂದು ತೆರೆದರು.

"ಮೇಡಂ, ಹೊಗಿನ ಇಲ್ಲಲ್ರಿ. ನನಗೂ ನಿಮ್ಮ ಬಾಟ್ಲಿಗೂ ಥಂಡಿ ಆಗೇತಿ."

"ಹೊಗಿ ಇಲ್ಲದ್ದss ಕೊಲ್ಲತೈತಿ ಕಾಕಾ. ಇದ್ದಲಿ ಬಿಡೂ ಗ್ಯಾಸ ಕಾಣಂಗಿಲ್ಲ, ವಾಸನಿ ಇಲ್ಲ. ರಕ್ತದ ಪ್ರೋಟೀನ ಆಕ್ಸಿಜನ್ನ ಹಿಡೀತೈತಿ, ಬೇಕಾದಲ್ಲಿ ಬಿಡತೈತಿ. ಅದ ಈ ಗ್ಯಾಸನ್ನ ಹಿಡೀತಂದ್ರ ಲಗೂನ ಬಿಡಂಗಿಲ್ಲ. ಮಂದಿ ಸತ್ತಿರತಾರ, ಮಾರಿ ಮಾತ್ರ ಕೆಂಪಗ ಇರತೈತಿ."

ನಾನು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟೆ. ಇನ್ನೊಮ್ಮೆ ಹೇಳಿರಿ ಎಂದೆ. ಅವರು ಹೇಳಿದರು. ಮತ್ತೆ ಕೇಳಿದೆ. ಆಗ ಅವರು ನನ್ನ ಮುಖ ನೋಡಿ, ಕಾಕಾನನ್ನು ಹೊರಗೆ ಕಳಿಸಿ, ನಿಧಾನವಾಗಿ ಎಲ್ಲವನ್ನೂ ಹೇಳಿದರು.

ರವಿವಾರ ಊರಿಗೆ ಹೋದೆ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಅತ್ತಿ, ಅವರ ಮಾರಿ ಯಾಕ ಕೆಂಪಗಿತ್ತು ಅನ್ನೂದು ಗೊತ್ತಾಗೇತ್ರಿ."

"ಜೀವ ಇತ್ತು. ಅದಕ್ಕ."

"ಇಲ್ರಿ. ರಕ್ತದಾಗ ಗಾಳಿ ಕುಂಡ್ರೂ ಜಾಗಾದಾಗ ಇದ್ದಲಿ ಗ್ಯಾಸ ಕುಂತಿತ್ತು. ಅದರದೂ ಕೆಂಪ ಬಣ್ಣನ. ಜೀವ ಹೋದ ಮ್ಯಾಲೂ ಹಂಗ ಇರತೈತ್ರಿ."

"ಬಾಟ್ಲಿ ತೊಳ್ಯಾಕ ಹೋದಾಕಿ ಡಾಕ್ಟರ ಆಗಿ ಬಂದೀಯೇನ?"

"ಮೇಡಂ ಹೇಳಿದ್ರು. ಮತ್ತ ಮತ್ತ ಕೇಳೇನ್ರಿ."

ಅವರ ಕೈ ಜೋಳದಲ್ಲೇ ನಿಂತಿತು. "ಅಂವಗ ಎಚ್ಚರ ಆಗಿತ್ತೇನ?"

"ಮಲಗಿದವರಿಗಿ ಗೊತ್ತಾಗೂದು ಕಡಿಮಿ ಅಂದ್ರು."

"ಮಣ್ಣ ಹಾಕೂಮುಂದ?"

"ಆವಾಗ ಅವರು ಇದ್ದಿಲ್ರಿ ಅತ್ತಿ. ಇಚಲಕರಂಜ್ಯಾಗss ಹೋಗಿದ್ರು."

ಅವರು ಬಹಳ ಹೊತ್ತು ಅತ್ತರು. ನಾನು ಪಕ್ಕದಲ್ಲೇ ಕೂತೆ. ಕತ್ತಲಾದಾಗ ಅವರೇ ಎದ್ದು ದೀಪ ಹಚ್ಚಿ, ರೊಟ್ಟಿ ಬಡಿದು, ನನಗೊಂದು ತಾಟು ಇಟ್ಟರು. ಆ ಸಂಜೆ ಜೀವ ಇತ್ತು ಎಂಬ ಮಾತು ಬರಲಿಲ್ಲ. ಈ ಮನೆಯಲ್ಲಿ ಇನ್ನು ಇರಬಹುದು ಎನಿಸಿತು.

ಬೆಳಿಗ್ಗೆ ಅವರು ಉಳಿದ ರೊಟ್ಟಿ, ಚಟ್ನಿ ಕಟ್ಟಿದರು. ನನ್ನ ಚೀಲ ಬಾಗಿಲ ಬಳಿ ತಂದಿಟ್ಟು ಕೇಳಿದರು, "ನಿಮ್ಮೂರಿಗಿ ಬಸ್ಸ ಎಷ್ಟಕ್ಕೈತಿ?"

ಧ್ವನಿಯಲ್ಲಿ ಕೊಂಕು ಇರಲಿಲ್ಲ. ಗಡಹಿಂಗ್ಲಜ ನಮ್ಮೂರಲ್ಲ ಎನ್ನಬೇಕೆಂದಿದ್ದೆ.

"ಎಂಟಕ್ಕೈತ್ರಿ," ಎಂದೆ.