ವೆಂಕಟರತ್ನಮ್ಮ ಟೀಚರ ದವಡೆ ಹಲ್ಲು

ಬೈರಕೂರಿನ ಹತ್ತಿರದ ನಮ್ಮ ಶಾಲೆಯ ವೆಂಕಟರತ್ನಮ್ಮ ಟೀಚರು ಹಿಡಿದ ಹಟ ಬಿಟ್ಟವರಲ್ಲ. ಪಕ್ಕದ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿರುವ ನನಗೆ ಅದು ಚೆನ್ನಾಗಿ ಗೊತ್ತು.

ಹೋದ ವರ್ಷ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಿಕ್ಷಕರಿಗೆ ಒಂದು ಪ್ರಶ್ನೆಪತ್ರ ಬಂತು. ಜನರ ಹಲ್ಲು, ಬಾಯಿ ಚೆನ್ನಾಗಿರಲು ಅಡ್ಡಿ ಏನು? ನಾನು ‘ಬಡತನ’ ಎಂದು ಗೀಚಿ ಕೈತೊಳೆದುಕೊಂಡೆ. ವೆಂಕಟರತ್ನಮ್ಮ ‘ಜನರ ಮೂಢನಂಬಿಕೆ’ ಎಂದು ದಪ್ಪಕ್ಷರದಲ್ಲಿ ಬರೆದರು.

ಅದೇ ವಾರ ಐದನೇ ತರಗತಿಯ ಅನಿತ ಕೆನ್ನೆ ಹಿಡಿದುಕೊಂಡು ಬಂದಳು. ಮೇಲಿನ ದವಡೆ ಹಲ್ಲು ಪೂರ್ತಿ ಹುಳುಕು. ಬಿಸಿಯೂಟದ ತಟ್ಟೆ ಮುಟ್ಟದೆ ಅಳುತ್ತಿದ್ದ ಅವಳನ್ನು ಕಂಡು ನನಗೂ ಊಟ ಸೇರಲಿಲ್ಲ.

ಸಂಜೆ ಟೀಚರೂ ನಾನೂ ಅವಳನ್ನು ಆಸ್ಪತ್ರೆಗೆ ಕಳಿಸಿ ಎಂದು ಹೇಳಲು ಅವಳ ಮನೆಗೆ ಹೋದೆವು. ಅಜ್ಜಿ ಭಾರತಮ್ಮ ಬೇಯಿಸಿದ ಕಡಲೆಕಾಯಿ ಮುಂದಿಟ್ಟರು.

“ವದ್ದಮ್ಮಾ, ಆಸ್ಪತ್ರೆ ಬೇಡ. ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗ್ತದೆ.”

“ಅದೆಲ್ಲಾ ಸುಳ್ಳು ಕಣಮ್ಮಾ,” ಎಂದರು ಟೀಚರು.

“ಮತ್ತೆ ನೀವ್ಯಾಕೆ ಬಲಗಡೇಲೇ ಅಗೀತಿದ್ದೀರ? ಎಡಗಡೆ ಮೇಲಿನ ಹಲ್ಲು ಕಪ್ಪಗಾಗೈತಲ್ಲ?”

ಟೀಚರು ಕೈಯಲ್ಲಿದ್ದ ಕಡಲೆಕಾಯಿ ಕೆಳಗಿಟ್ಟು ಎದ್ದರು. ದಾರಿಯಲ್ಲಿ ಮೆಲ್ಲಗೆ ಒಪ್ಪಿಕೊಂಡರು. “ನಮ್ಮಮ್ಮನೂ ಹಂಗೇ ಹೇಳ್ತಿದ್ರು ಕಣ್ರೀ. ಎರಡು ವರ್ಷದಿಂದ ನೋವು. ಕಣ್ಣಿಗೇನಾದ್ರೂ ಆದ್ರೆ ಅಂತ ಭಯ.”

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನಾನು ನಕ್ಕೆ. ಅವರು ನಗಲಿಲ್ಲ. “ಶನಿವಾರ ಮೊದ್ಲು ನನ್ನದು ಕೀಳಿಸ್ತೀನಿ. ಅಜ್ಜಿ ಬಂದು ನೋಡ್ಲಿ.”

ಮುಳಬಾಗಿಲಿನ ಆಸ್ಪತ್ರೆಯಲ್ಲಿ ಟೀಚರು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತರು. ಹಲ್ಲು ಬಂತು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಗೆ ಬಂದಾಗ, ಮೊಮ್ಮಗಳೊಂದಿಗೆ ಕಾದಿದ್ದ ಭಾರತಮ್ಮ ಸೊಂಟದ ಎಲೆಚೀಲದಿಂದ ಸೂಜಿ, ದಾರ ತೆಗೆದರು.

“ಪೋಣಿಸಿ.”

ಅಷ್ಟು ಹೇಳಿ, ಹಲ್ಲು ಕಿತ್ತ ಎಡಗಡೆಯ ಕಣ್ಣು ಬಿಟ್ಟು, ಟೀಚರ ಬಲಗಣ್ಣನ್ನು ತಮ್ಮ ಅಂಗೈಯಿಂದ ತಾವೇ ಮುಚ್ಚಿದರು. ಅಜ್ಜಿಯನ್ನು ಏಮಾರಿಸುವುದು ಸುಲಭವಲ್ಲ. ಎರಡು ಸಲ ದಾರ ತಪ್ಪಿತು. ಮೂರನೇ ಸಲ ಒಳಗೆ ಹೋಯಿತು.

ಭಾರತಮ್ಮ ದಾರವನ್ನು ಎಳೆದೆಳೆದು ನೋಡಿದರು. ಆಮೇಲೆ ಮೊಮ್ಮಗಳ ಬೆನ್ನು ಸವರಿ, “ಹೋಗು ಕಣೇ, ಕುರ್ಚೀಲಿ ಕೂತ್ಕೋ,” ಎಂದರು.

ಮುಂದಿನ ವಾರ ಅನಿತ ಅನ್ನ ಸಾರು ಎರಡು ಸಲ ಹಾಕಿಸಿಕೊಂಡಳು. ಅದನ್ನು ನೋಡಿ ಬಂದ ವೆಂಕಟರತ್ನಮ್ಮ, ಇನ್ನೂ ಕಳಿಸಿರದ ಪ್ರಶ್ನೆಪತ್ರ ಹುಡುಕಿ ತೆಗೆದು, ‘ಜನರ’ ಎಂಬುದನ್ನು ಹೊಡೆದುಹಾಕಿ ‘ನನ್ನ’ ಎಂದು ಬರೆದರು.