ಎಣ್ಣೆ ಕುಡಿದ ಹೊಲಿಗೆ ಯಂತ್ರ

ನನ್ನ ತಮ್ಮ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಗೆಳೆಯರ ರಾಕ್ ಬ್ಯಾಂಡಿನಲ್ಲಿ ಅವನ ವಾದ್ಯವೂ ಅದೇ, ಗಡಗಡ ಎನ್ನುವ ಒಂದು ಹಳೆಯ ಯಂತ್ರ. ಮೊದಲ ರೆಕಾರ್ಡಿಂಗಿಗೆ ನನ್ನ ಮಗುವನ್ನೆತ್ತಿಕೊಂಡು ನಾನೂ ಹೋಗಿದ್ದೆ. ಪೆಡಲ್ ತುಳಿದರೆ ಸದ್ದೇ ಇಲ್ಲ! ಒಳ್ಳೆಯ ದಿನವೆಂದು ಬೆಳಿಗ್ಗೆಯೇ ಎಣ್ಣೆ ಹಾಕಿ, ಸಡಿಲವಾಗಿದ್ದ ತಿರುಪನ್ನು ಬಿಗಿದಿದ್ದನಂತೆ.

"ಮದುಮಗಳ ಥರ ಸಿಂಗರಿಸಿ ತಂದಿದ್ದೀಯಲ್ಲೋ! ನೀನು ಕೂತ್ಕೋ, ನಾವೇ ಹಾಡ್ತೀವಿ," ಎಂದ ಗಾಯಕ.

ತಮ್ಮನ ಮುಖ ಸಣ್ಣದಾಯಿತು. "ಸರಿ ಮಾಡೋದು ಗೊತ್ತು ಅಕ್ಕಾ, ಕೆಡಿಸೋದು ಯಾರೂ ಕಲಿಸಿಲ್ಲ."

"ಬಿಗಿದಿದ್ದನ್ನ ಬಿಚ್ಚೋ, ಪೆದ್ದ!" ಎಂದೆ.

ಬಿಚ್ಚಿದ. ಯಂತ್ರ ಗಡಗಡಿಸಿತು, ಹಾಡು ಒಂದೇ ಏಟಿಗೆ ಮುಗಿಯಿತು. ಆದರೆ ತಿರುಪೆಲ್ಲಿ? ಮಗು ಯಾವಾಗಲೋ ನೆಲಕ್ಕಿಳಿದಿತ್ತು. ನುಂಗಿಬಿಟ್ಟಿತೇನೋ ಎಂದು ಅದರ ಬಾಯಿಗೆ ಬೆರಳು ಹಾಕಿ ತಡಕಿದೆ.

"ಇಲ್ಲಿದೆ ಅಕ್ಕಾ," ಎಂದು ತಮ್ಮ ಬಿಗಿಹಿಡಿದಿದ್ದ ಮುಷ್ಟಿ ತೆರೆದ. "ಆಮೇಲೆ ಹಾಕ್ಬೇಕಲ್ಲ."